ಹೊಣೆ ಚಾಲಕನೊಬ್ಬನದೇ?

ಅನಿಲದ ಟ್ಯಾಂಕರ್ ಮಗುಚಿದರೆ ನಮ್ಮಲ್ಲಿ ಮೊದಲು ಕೇಳಿಬರುವ ಮಾತು ‘ಚಾಲಕನ ಅಜಾಗರೂಕತೆ’. ಅವನ ಮೇಲೆ ಮೊಕದ್ದಮೆ ದಾಖಲಾಗುವುದರೊಂದಿಗೆ ಚರ್ಚೆಯೂ ಮುಗಿಯುತ್ತದೆ. 2012ರ ಆಗಸ್ಟ್ 27ರಂದು ಕೇರಳದ ಕಣ್ಣೂರು ಬಳಿಯ ಚಾಲದಲ್ಲಿ ಟ್ಯಾಂಕರಿನಿಂದ ಸೋರಿದ ಅನಿಲ ಹೊತ್ತಿಕೊಂಡು 20 ಮಂದಿ ಬಲಿಯಾದರು. 2013ರ ಏಪ್ರಿಲ್ 9ರಂದು ದಕ್ಷಿಣ ಕನ್ನಡದ ಪೆರ್ನೆಯಲ್ಲಿ ಅಂಥದೇ ದುರಂತ ಮರುಕಳಿಸಿತು. 2021ರ ಜನವರಿಯಲ್ಲಿ ಶಿವಮೊಗ್ಗದ ಹುಣಸೋಡಿನಲ್ಲಿ ಲಾರಿಯಲ್ಲಿದ್ದ ಸ್ಫೋಟಕಗಳು ಸಿಡಿದು ಕಾರ್ಮಿಕರು ಛಿದ್ರವಾದರು. ಇವುಗಳಿಂದ ನಾವು ಕಲಿತದ್ದೇನು?

ಕಾನೂನಿಗೇನೂ ಕೊರತೆಯಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 9ನೇ ನಿಯಮದಂತೆ ಅಪಾಯಕಾರಿ ಸರಕು ಸಾಗಿಸುವ ಚಾಲಕನಿಗೆ ಒಂದು ಭಾರತೀಯ ಭಾಷೆಯೊಂದಿಗೆ ಇಂಗ್ಲಿಷನ್ನೂ ಓದಿ ಬರೆಯಲು ಬರಬೇಕು. ಮೂರು ದಿನಗಳ ತರಬೇತಿ ಪಡೆದು ಪರವಾನಗಿಯಲ್ಲಿ ಅದನ್ನು ನಮೂದಿಸಿಕೊಳ್ಳಬೇಕು. ಈ ಪರವಾನಗಿಯ ಅವಧಿ ಮೊದಲು ಒಂದು ವರ್ಷವಿತ್ತು; 2019ರ ತಿದ್ದುಪಡಿ ಅದನ್ನು ಮೂರು ವರ್ಷಕ್ಕೆ ಏರಿಸಿತು. ಅವಧಿ ಹೆಚ್ಚಿದಷ್ಟೂ ತರಬೇತಿಯ ಗುಣಮಟ್ಟ ಮುಖ್ಯವಾಗುತ್ತದೆ. ಅದು ಕೇವಲ ಸಹಿ ಮತ್ತು ಮೊಹರಿನ ಶಾಸ್ತ್ರವಾದರೆ ಮೂರು ವರ್ಷಗಳ ಕಾಲ ಅಪಾಯಕ್ಕೆ ಅನುಮತಿ ಕೊಟ್ಟಂತೆಯೇ ಸರಿ.

ಆದರೆ ಇದೇ ನಿಯಮಗಳು ಇತರರ ಮೇಲೂ ಹೊಣೆ ಹೊರಿಸಿವೆ. ಸರಕಿನ ಅಪಾಯಗಳ ಪೂರ್ಣ ಮಾಹಿತಿಯನ್ನು ಅದನ್ನು ಕಳುಹಿಸುವವರು ಕೊಡಬೇಕು. ಚಾಲಕನಿಗೆ ತರಬೇತಿಯಾಗಿದೆಯೇ ಎಂಬುದನ್ನು ವಾಹನದ ಮಾಲೀಕ ಖಚಿತಪಡಿಸಿಕೊಳ್ಳಬೇಕು. ತುರ್ತು ಸೂಚನೆಗಳ ಲಿಖಿತ ಪತ್ರ ಚಾಲಕನ ಕೈಗೆಟುಕುವಲ್ಲಿರಬೇಕು. ಆ ಪತ್ರ ಅವನಿಗೆ ಅರ್ಥವಾಗದಿದ್ದರೆ ಇದ್ದೂ ಇಲ್ಲದಂತೆ. ವಿಶ್ರಾಂತಿ ಕೊಡದೆ, ಹೊತ್ತಿಗೆ ಮುಂಚೆ ತಲುಪಬೇಕೆಂದು ಒತ್ತಾಯಿಸುವ ಮಾಲೀಕ ಅಪಘಾತವಾದಾಗ ಮಾತ್ರ ಹೇಗೆ ನಿರಪರಾಧಿಯಾಗುತ್ತಾನೆ?

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಜನರಿಗೆ ಇದು ದೂರದ ವಿಷಯವಲ್ಲ. ರಾಷ್ಟ್ರೀಯ ಹೆದ್ದಾರಿ 50 ಕೂಡ್ಲಿಗಿಯ ಮೂಲಕವೇ ಹಾದುಹೋಗುತ್ತದೆ. ಈ ಊರುಗಳ ಪೆಟ್ರೋಲ್ ಬಂಕುಗಳಿಗೆ ಇಂಧನವೂ ಅಡುಗೆಮನೆಗಳಿಗೆ ಸಿಲಿಂಡರೂ ರಸ್ತೆಯಲ್ಲೇ ಬರಬೇಕು. ಅಡುಗೆ ಅನಿಲ ಗಾಳಿಗಿಂತ ಭಾರವಾದುದು. ಸೋರಿದರೆ ತಗ್ಗಿಗೆ ಹರಿದು ಮನೆಗಳ ಒಲೆಯನ್ನೂ ತಲುಪಬಲ್ಲದು. ಆಗ ಏನು ಮಾಡಬೇಕೆಂದು ಚಾಲಕನಿಗೆ ಮಾತ್ರವಲ್ಲ, ದಾರಿಬದಿಯ ಹಳ್ಳಿಗರಿಗೂ ತಿಳಿದಿರಬೇಕು.

ವಿಜಯನಗರ ಜಿಲ್ಲಾಡಳಿತವು ಇಂಥ ವಾಹನಗಳ ಪರವಾನಗಿಯನ್ನು ಮಾತ್ರವಲ್ಲದೆ ಸೂಚನಾ ಪತ್ರವನ್ನೂ ತಪಾಸಣೆ ಮಾಡಲಿ. ಸೂಚನೆಗಳು ಕನ್ನಡದಲ್ಲೂ ಇರಲಿ. ಹೆದ್ದಾರಿಯ ಹಳ್ಳಿಗಳಲ್ಲಿ ಅಣಕು ಪ್ರದರ್ಶನ ನಡೆಯಲಿ. ತಪ್ಪು ಸಾಬೀತಾದಾಗ ಮಾಲೀಕನೂ ಸರಕು ಕಳುಹಿಸಿದವನೂ ನ್ಯಾಯಾಲಯದ ಮುಂದೆ ನಿಲ್ಲುವಂತಾಗಲಿ. ಬಡ ಚಾಲಕನೊಬ್ಬನನ್ನು ಜೈಲಿಗೆ ಕಳುಹಿಸಿದ ಮಾತ್ರಕ್ಕೆ ರಸ್ತೆ ಸುರಕ್ಷಿತವಾಗುವುದಿಲ್ಲ ಎಂಬುದನ್ನು ನಾವು ಅರಿಯಬೇಕಾಗಿದೆ.