ಬಾನುಲಿ ಕಲಿಸಿದ ಪಾಠ

ಓದಿ ತಿಳಿಯುವುದು ಒಂದು ಬಗೆಯಾದರೆ ಕೇಳಿ ತಿಳಿಯುವುದು ಮತ್ತೊಂದು ಬಗೆ. ಈ ಎರಡನೆಯದನ್ನು ನನಗೆ ಕಲಿಸಿದ್ದು ಮಠದ ಪಾಠಶಾಲೆಯಲ್ಲ. ಯಲಹಂಕದ ನಮ್ಮ ಮನೆಯ ಗೂಡಿನಲ್ಲಿದ್ದ ಹಳೆಯ ರೇಡಿಯೋ.

1975ರ ಸುಮಾರಿನ ಮಾತು. ರೇಡಿಯೋ ಇಟ್ಟುಕೊಳ್ಳಲು ಪರವಾನಗಿ ಶುಲ್ಕ ಕಟ್ಟಬೇಕಾಗಿದ್ದ ಕಾಲವದು. 1955ರಲ್ಲಿ ಆರಂಭವಾದ ಬೆಂಗಳೂರು ಆಕಾಶವಾಣಿ ನಮಗೆ ನಿಚ್ಚಳವಾಗಿ ಕೇಳಿಸುತ್ತಿತ್ತು. 1950ರಷ್ಟು ಹಿಂದಿನ ಧಾರವಾಡ ನಿಲಯ ಮಾತ್ರ ಕತ್ತಲಾದ ಮೇಲೆಯೇ ಸಿಗುತ್ತಿತ್ತು. ಮಧ್ಯಮ ತರಂಗಗಳನ್ನು ಹಗಲಿನಲ್ಲಿ ವಾತಾವರಣದ ಮೇಲ್ಪದರವೊಂದು ಹೀರಿಕೊಳ್ಳುತ್ತದೆ. ರಾತ್ರಿ ಆ ಪದರ ಕರಗಿದಾಗ ಅಲೆಗಳು ಇನ್ನೂ ಮೇಲಿನ ಪದರಕ್ಕೆ ತಾಗಿ ನೂರಾರು ಮೈಲಿ ಆಚೆ ಇಳಿಯುತ್ತವೆ. ನಮ್ಮ ತಂದೆಯವರಿಗೆ ಈ ಶಾಸ್ತ್ರ ತಿಳಿಯದು. ರಾತ್ರಿಯ ಪ್ರಸಾದವಾದ ಮೇಲೆ ಮುಳ್ಳನ್ನು ಕೂದಲೆಳೆಯಷ್ಟು ಸರಿಸುತ್ತ ಕಾಯುವುದಷ್ಟೇ ತಿಳಿದಿತ್ತು.

ರಜೆಗೆಂದು ನಾನು ಮಠದಿಂದ ಬಂದಿದ್ದೆ. ಒಂದು ರಾತ್ರಿ ಗರಗರ ಸದ್ದಿನ ನಡುವೆ ಪಂಡಿತ ಮಲ್ಲಿಕಾರ್ಜುನ ಮನಸೂರರ ವಚನಗಾಯನ ತೇಲಿಬಂತು. ಒಂದೇ ಸಾಲನ್ನು ಅವರು ಮತ್ತೆ ಮತ್ತೆ ಹಾಡುತ್ತಿದ್ದರು. ನೂರಾರು ವಚನಗಳನ್ನು ಬಾಯಿಪಾಠ ಮಾಡಿದ್ದ ನಾನು, "ಇಷ್ಟು ಹೊತ್ತಿನಲ್ಲಿ ಹತ್ತು ವಚನ ಒಪ್ಪಿಸಬಹುದಿತ್ತು" ಎಂದೆ. ತಂದೆಯವರು ತಲೆ ಎತ್ತದೆ, "ನೀನು ಒಪ್ಪಿಸ್ತೀಯಪ್ಪ. ಅವರು ಅದರಲ್ಲೇ ಇದ್ದಾರೆ. ಸುಮ್ಮನೆ ಕೇಳು" ಎಂದರು. ಅವರಿಗೆ ಓದು ಬರುತ್ತಿರಲಿಲ್ಲ.

ನಾಚಿ ಸುಮ್ಮನಾದೆ. ಆಗ ಗೋಚರವಾಯಿತು: ಪ್ರತಿ ಸಲವೂ ಒತ್ತು ಬೇರೊಂದು ಪದದ ಮೇಲೆ ಬೀಳುತ್ತಿತ್ತು, ಒಮ್ಮೆ ಪ್ರಾರ್ಥನೆಯಾಗಿ ಕೇಳಿಸಿದ ಮಾತು ಮರುಸಲ ತಪ್ಪೊಪ್ಪಿಗೆಯಾಗುತ್ತಿತ್ತು. ಅರ್ಥ ಹೇಳಬಲ್ಲೆನೆಂದು ಬೀಗಿದ್ದ ವಚನವನ್ನು ನಾನು ಅಂದು ಮೊದಲ ಬಾರಿಗೆ ಕೇಳಿದೆ.

ಮಂಜೀಖಾನ್, ಬುರ್ಜೀಖಾನ್ ಅವರಲ್ಲಿ ಜೈಪುರ-ಅತ್ರೌಲಿ ಘರಾಣೆಯ ವಿದ್ಯೆ ಕಲಿತ ಮನಸೂರರು ಧಾರವಾಡ ಆಕಾಶವಾಣಿಯ ಸಂಗೀತ ಸಲಹೆಗಾರರೂ ಆಗಿದ್ದರೆಂಬುದು ನನಗೆ ತಿಳಿದದ್ದು ಬಹುಕಾಲದ ನಂತರ. 1992ರಲ್ಲಿ ಅವರು ಲಿಂಗೈಕ್ಯರಾದರು. ತಂದೆಯವರು ಅದಕ್ಕೂ ಮೊದಲೇ ಹೋಗಿದ್ದರು. ಆ ರಾತ್ರಿ ನಾನು ಕಲಿತದ್ದನ್ನು ಅವರಿಗೆ ಹೇಳಲೇ ಇಲ್ಲ.

ಇಂದು ಬಯಸಿದ ವಚನ ಬಯಸಿದ ಕ್ಷಣದಲ್ಲಿ ಮೊಬೈಲಿನಲ್ಲಿ ದೊರೆಯುತ್ತದೆ. ಇದು ಭಾಗ್ಯವೇ ಸರಿ. ಆದರೆ ಹಾಡು ಅರ್ಧವಾಗುವಷ್ಟರಲ್ಲಿ ಬೆರಳು ಮುಂದಿನದಕ್ಕೆ ಸರಿಯುವುದನ್ನು ನನ್ನ ಮನೆಯಲ್ಲೇ ಕಾಣುತ್ತೇನೆ; ಕೆಲವೊಮ್ಮೆ ಆ ಬೆರಳು ನನ್ನದೇ. ಓದುಗ ಬಂಧುಗಳು ವಾರಕ್ಕೊಂದು ಸಂಜೆ ಮನೆಮಂದಿಯೊಡನೆ ಕುಳಿತು ಒಂದೇ ಒಂದು ವಚನಗಾಯನವನ್ನು ಕೊನೆಯವರೆಗೆ ಆಲಿಸಬೇಕೆಂದು ನನ್ನ ಬಿನ್ನಹ. ಓದು ಬಾರದ ಹಿರಿಯರೊಬ್ಬರು ಜೊತೆಗಿದ್ದರೆ, ಅವರಿಗೆ ಹೇಗೆ ಕೇಳಿಸಿತೆಂದು ಮೊದಲು ವಿಚಾರಿಸಿರಿ.