ಮಡಿಕೇರಿಗೆ ಸ್ಕಾಟ್ಲೆಂಡಿನ ಹಂಗೇಕೆ?

ಕೊಡಗನ್ನು ‘ಭಾರತದ ಸ್ಕಾಟ್ಲೆಂಡ್’ ಎನ್ನುವುದು ನಮ್ಮ ಪಟ್ಟಣಿಗರಿಗೆ ಬಾಯಿಪಾಠವಾಗಿಬಿಟ್ಟಿದೆ. ಪ್ರವಾಸದ ಜಾಹೀರಾತುಗಳಲ್ಲಿ ಅದೇ ಮಾತು. ಶನಿವಾರ ಬೆಳಗಾಗುವ ಮುನ್ನ ಬೆಂಗಳೂರಿನಿಂದ ಕಾರು ಹೊರಡಿಸುವವರ ಬಾಯಲ್ಲೂ ಅದೇ ಮಾತು. ಈ ಬಿರುದಿನ ಮೇಲೆ ನನಗೆ ತಕರಾರಿದೆ. ಬಿರುದು ಏನಾದರೇನು, ಊರು ಚೆಂದವಿದ್ದರೆ ಸಾಲದೇ ಎನ್ನುವವರುಂಟು. ಸಾಲದು. ಊರನ್ನು ಏನೆಂದು ತಿಳಿಯುತ್ತೇವೆಯೋ ಅದರೊಡನೆ ಹಾಗೆಯೇ ನಡೆದುಕೊಳ್ಳುತ್ತೇವೆ. ಮಡಿಕೇರಿ ಬರಿಯ ನೋಟವೆಂದು ತಿಳಿದವರು ನೋಡಿ, ಉಂಡು, ಎಂಜಲೆಲೆ ಎಸೆದು ಹೋಗುತ್ತಾರೆ. ಅಲ್ಲಿ ಜನ ಬಾಳುತ್ತಾರೆ, ಹುಡುಗರು ಓದುತ್ತಾರೆ ಎಂಬುದು ಅವರ ಲೆಕ್ಕಕ್ಕೇ ಬರುವುದಿಲ್ಲ.

ಈ ಊರಿಗೆ ತನ್ನದೇ ಚರಿತ್ರೆಯಿದೆ. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ರಾಜಧಾನಿಯನ್ನು ಇಲ್ಲಿಗೆ ತಂದ. ಅವನ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ, ಊರಿಗೆ ಜಾಫರಾಬಾದ್ ಎಂದು ಹೆಸರಿಟ್ಟ. ಹೆಸರು ನಿಲ್ಲಲಿಲ್ಲ, ಕೋಟೆ ನಿಂತಿತು. ಲಿಂಗರಾಜ 1820ರಲ್ಲಿ ಓಂಕಾರೇಶ್ವರನ ಗುಡಿ ಕಟ್ಟಿಸಿದ. 1834ರಲ್ಲಿ ಕಂಪೆನಿಯವರು ಚಿಕ್ಕವೀರರಾಜನನ್ನು ಇಳಿಸಿ ನಾಡನ್ನೇ ತೆಗೆದುಕೊಂಡರು. ಆಮೇಲೆ ಕೋಟೆಯೊಳಗೆ ಇಗರ್ಜಿ ಎದ್ದಿತು. ಇಂದು ಅದೇ ಕಟ್ಟಡ ಸರ್ಕಾರದ ವಸ್ತುಸಂಗ್ರಹಾಲಯ. 1956ರವರೆಗೆ ಇದು ಪ್ರತ್ಯೇಕ ರಾಜ್ಯವೊಂದರ ರಾಜಧಾನಿಯೂ ಆಗಿತ್ತು.

ವಿದ್ಯೆಯ ಮಾತಿಗೆ ಬರೋಣ. ಪಂಜೆ ಮಂಗೇಶರಾಯರು ಇಲ್ಲಿ ಮುಖ್ಯೋಪಾಧ್ಯಾಯರಾಗಿದ್ದರು. ಅವರ ‘ಹುತ್ತರಿ ಹಾಡು’ ಕನ್ನಡಕ್ಕೆ ಈ ನೆಲ ಕೊಟ್ಟ ಕಾಣಿಕೆ. 1912ರಲ್ಲಿ ಹುಟ್ಟಿ 1939ರಲ್ಲೇ ತೀರಿಕೊಂಡ ಕೊಡಗಿನ ಗೌರಮ್ಮನವರು ವಿಧವೆಯರ, ಹೆಣ್ಣುಮಕ್ಕಳ ಸಂಕಟವನ್ನು ಕಥೆಯಾಗಿಸಿದ್ದು ಈ ಸೀಮೆಯಲ್ಲಿಯೇ. 1949ರಲ್ಲಿ ಸ್ಥಾಪನೆಯಾದ ಸರ್ಕಾರಿ ಕಾಲೇಜು ಇಂದು ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿನಲ್ಲಿದೆ. ರಾಜಾ ಸೀಟಿನಲ್ಲಿ ನಿಂತು ಮಂಜಿನ ಚಿತ್ರ ತೆಗೆಯುವ ಎಷ್ಟು ಮಂದಿಗೆ ಇದು ಗೊತ್ತು?

‘ಆ ಊರಿನಲ್ಲಿ ಪ್ರವಾಸಿಗಳಿಲ್ಲದಿದ್ದರೆ ಏನಿದೆ? ಜಡಿಮಳೆ, ಜಿಗಣೆ’ ಎಂದು ನಗುವವರನ್ನು ಕಂಡಿದ್ದೇನೆ. ವಿಜಯದಶಮಿಯ ರಾತ್ರಿ ಅವರು ಅಲ್ಲಿಗೆ ಹೋಗಲಿ. ಪಂಪಿನ ಕೆರೆಯಿಂದ ಹೊರಟ ನಾಲ್ಕು ಕರಗಗಳ ಊರು, ಹತ್ತು ದೇವಸ್ಥಾನಗಳ ಮಂಟಪಗಳನ್ನು ಬೆಳಗಾಗುವ ತನಕ ಬೀದಿಯಲ್ಲಿ ನಡೆಸುತ್ತದೆ. ಹಾಕಿಯನ್ನು ನೋಡಲಿ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕುಟುಂಬಗಳ ಪಂದ್ಯಾವಳಿಗೆ ಈಗ ಮುನ್ನೂರಕ್ಕೂ ಮಿಕ್ಕಿ ಮನೆತನಗಳು ತಂಡ ಕಳಿಸುತ್ತವೆ. ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಕೋಲು ಹಿಡಿಯುವ ಆಟ ಇನ್ನೆಲ್ಲಿದೆ? ಬಯಲಿನ ವಿನೋದವೆಂದರೆ ಇದು: ಕೂಡಿ ಆಡುವುದು, ಕೂಡಿ ನಡೆಯುವುದು. ಜೀಪಿನಲ್ಲಿ ಮಾಂದಲಪಟ್ಟಿಯ ಹುಲ್ಲುಗಾವಲಿಗೆ ಏರಿ, ಗದ್ದಲವೆಬ್ಬಿಸಿ ಇಳಿಯುವುದಲ್ಲ. ನೆರೆಯ ಕುಮಾರಪರ್ವತಕ್ಕೆ 2024ರ ಜನವರಿಯಲ್ಲಿ ನುಗ್ಗಿದ ಜಂಗುಳಿಯನ್ನು ಕಂಡು, ಮುಂಗಡ ನೋಂದಣಿಯಿಲ್ಲದ ಚಾರಣವನ್ನು ಸರ್ಕಾರವೇ ತಡೆಯಬೇಕಾಯಿತು. ಬೆಟ್ಟದ ಮೇಲಿನ ಪ್ರೀತಿಗೆ ಪೋಲೀಸು ಬೇಕಾದ ಮೇಲೆ ಅದನ್ನು ಪ್ರೀತಿಯೆನ್ನಲು ನಾನು ಸಿದ್ಧನಿಲ್ಲ.

ಪ್ರವಾಸಿ ಹಣ ತರುತ್ತಾನಲ್ಲ ಎಂಬುದು ಪ್ರತಿವಾದಿಗಳ ದೊಡ್ಡ ಅಸ್ತ್ರ. ತರುತ್ತಾನೆ, ಒಪ್ಪುತ್ತೇನೆ. ಕಾಫಿಯ ಧಾರಣೆ ಕುಸಿದ ವರ್ಷ ಹೋಮ್‌ಸ್ಟೇಯಿಂದಲೇ ಒಲೆ ಉರಿಸಿದ ಮನೆಗಳಿವೆ. ಜೀಪು ಓಡಿಸುವ ಹುಡುಗನಿಗೂ ಹೊಟ್ಟೆಯಿದೆ. ಆದರೆ ಒಂದು ಕೋಣೆ ಎರಡು ರಾತ್ರಿಗೆ ತರುವ ಹಣವನ್ನು ವಿದ್ಯಾರ್ಥಿ ತಿಂಗಳಿಗೂ ಕೊಡಲಾರ. ಮಾಲೀಕ ಯಾರಿಗೆ ಬಾಗಿಲು ತೆರೆದಾನು? ನಾನು ಕಾಲೇಜಿನಲ್ಲಿ ಪಾಠ ಹೇಳುವವನು. ತೋಟದ ಲೈನಿನಿಂದಲೋ ದೂರದ ಹಳ್ಳಿಯಿಂದಲೋ ಓದಲು ಬರುವ ಹುಡುಗಿಗೆ ಕೋಣೆ ಸಿಗದಿದ್ದರೆ ಮೊದಲು ನಿಲ್ಲುವುದು ಅವಳ ಓದು ಎಂಬುದನ್ನು ಬಲ್ಲೆ.

ಇನ್ನು 2018ರ ಆಗಸ್ಟನ್ನು ಮರೆಯುವಂತಿಲ್ಲ. ಮಕ್ಕಂದೂರು, ಜೋಡುಪಾಲಗಳ ಕಡೆ ಗುಡ್ಡಗಳು ಮನೆ, ಗದ್ದೆ, ತೋಟಗಳ ಸಮೇತ ಜಾರಿ ಬಂದವು. ಸಂಪಾಜೆಯ ಹೆದ್ದಾರಿ ಕಡಿದುಹೋಯಿತು. ಅಂದಿನ ಮಳೆ ಅಸಾಧಾರಣವೇ ಸರಿ. ಆದರೆ ಬುಡ ಕಡಿಸಿಕೊಂಡ ಗುಡ್ಡ ನೀರು ಕುಡಿದ ಮೇಲೆ ನಿಲ್ಲುವುದು ಹೇಗೆ? ‘ನೋಟ ಚೆನ್ನಾಗಿದೆ’ ಎಂದು ಇಳಿಜಾರನ್ನು ಕಡಿದು ಎಬ್ಬಿಸಿದ ಕಟ್ಟಡದ ಲಾಭ ಒಬ್ಬನದು. ಅದು ಜಾರಿದರೆ ಕೆಳಗಿನ ಮನೆಯವನ ಪಾಡು ಏನು?

ಪ್ರವಾಸಿಗಳು ಬರಲೇಕೂಡದೆಂದು ನಾನು ಹೇಳುತ್ತಿಲ್ಲ. ಊಟಿ, ಕೊಡೈಕನಾಲುಗಳಿಗೆ ಹೋಗುವ ವಾಹನಗಳಿಗೆ ಮದರಾಸು ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿನಿಂದ ಇ-ಪಾಸು ಬಂತು. ಅದರಿಂದ ನೀಲಗಿರಿ ಮುಳುಗಲಿಲ್ಲ. ಕೊಡಗಿನಲ್ಲೂ ರಜೆಯ ದಿನಗಳಿಗೆ, ಮುಂಗಾರಿನ ತಿಂಗಳುಗಳಿಗೆ ಅಂಥದೊಂದು ಕಟ್ಟುಪಾಡು ಏಕಾಗಬಾರದು? ಇಳಿಜಾರಿನಲ್ಲಿ ಹೊಸ ಕಟ್ಟಡಕ್ಕೆ ಪರವಾನಗಿ ಕೊಡುವ ಮುನ್ನ ಭೂವಿಜ್ಞಾನಿಯ ಸಹಿ ಏಕೆ ಬೇಡ? ಪ್ರವಾಸಿ ತೆರುವ ಸುಂಕದಲ್ಲಿ ಒಂದು ಪಾಲು ವಿದ್ಯಾರ್ಥಿನಿಲಯಕ್ಕೂ ಆಟದ ಮೈದಾನಕ್ಕೂ ಹೋದರೆ ಯಾರಿಗೆ ನಷ್ಟ?

ಹೋಗುವವರು ಹೋಗಲಿ, ನೆಂಟರ ಮನೆಗೆ ಹೋದಂತೆ ಹೋಗಲಿ. ನೆಂಟರ ಮನೆಯಲ್ಲಿ ಮಕ್ಕಳು ಓದುತ್ತಿದ್ದರೆ ನಾವು ದನಿ ತಗ್ಗಿಸುತ್ತೇವೆ. ಮಡಿಕೇರಿಯಲ್ಲೂ ಮಕ್ಕಳು ಓದುತ್ತಿದ್ದಾರೆ.