ಮಣ್ಣಿನ ವಾಸನೆಯಂತೆ, ಮಣ್ಣಂಗಟ್ಟಿ!

ಕಂಟ್ರಿ ಮ್ಯೂಸಿಕ್ ಅಂದ್ರೆ ಏನು ಅಂತ ನಮ್ಮ ಆಫೀಸಿನಲ್ಲಿ ಕೇಳಿ ನೋಡಿ. 'ಅಮೆರಿಕದ ಹಳ್ಳಿ ಹಾಡು ಕಣೋ, ಮಣ್ಣಿನ ವಾಸನೆ ಇರುತ್ತೆ' ಅಂತಾರೆ. ಹಾಗಂದವನ ಪ್ಲೇಲಿಸ್ಟಿನಲ್ಲಿ ಬಕ್ ಓವೆನ್ಸ್ ಇರ್ತಾನೆ, ಮರ್ಲ್ ಹ್ಯಾಗರ್ಡ್ ಇರ್ತಾನೆ. ಇಬ್ಬರೂ ಕ್ಯಾಲಿಫೋರ್ನಿಯಾದ ಬೇಕರ್ಸ್‌ಫೀಲ್ಡ್ ಶೈಲಿಯ ದೊಡ್ಡ ಹೆಸರುಗಳು. ಆ ಊರಿನ ಸಂಗೀತದಲ್ಲಿ ಮಣ್ಣಿನ ವಾಸನೆ ಹುಡುಕುವವರ ಜತೆ ನನಗೊಂದು ಜಗಳ ಇದೆ.

ಮೊದಲು ಮಣ್ಣಿನ ಲೆಕ್ಕವನ್ನೇ ನೋಡೋಣ. 1930ರ ದಶಕದಲ್ಲಿ ಒಕ್ಲಹೋಮ, ಟೆಕ್ಸಾಸ್, ಅರ್ಕನ್ಸಾ ಕಡೆಯಿಂದ ಲಕ್ಷಗಟ್ಟಲೆ ಜನ ಕ್ಯಾಲಿಫೋರ್ನಿಯಾಕ್ಕೆ ಗುಳೆ ಹೊರಟರು. ಬರ ಬಿದ್ದಿತ್ತು, ಹತ್ತಿಯ ಬೆಲೆ ಕುಸಿದಿತ್ತು, ಜಮೀನಿನ ಒಡೆಯರು ಟ್ರ್ಯಾಕ್ಟರ್ ತಂದು ಗೇಣಿದಾರರನ್ನು ಎಬ್ಬಿಸಿದ್ದರು. ಕೆಲವು ಕಡೆಯಂತೂ ಹೊಲದ ಮಣ್ಣೇ ಗಾಳಿಗೆ ಹಾರಿಹೋಗಿತ್ತು. ಮಣ್ಣು ಕಳೆದುಕೊಂಡವರ ಸಂಗೀತ ಸ್ವಾಮಿ ಇದು! ಬೇಕರ್ಸ್‌ಫೀಲ್ಡ್ ಇರುವ ಕರ್ನ್ ಕೌಂಟಿಗೆ ಬಂದವರಿಗೆ ಸಿಕ್ಕಿದ್ದು ಕಂಡವರ ಹತ್ತಿ ಹೊಲದಲ್ಲಿ ಕೂಲಿ, ತೈಲಬಾವಿಯಲ್ಲಿ ದುಡಿಮೆ, ಜತೆಗೆ 'ಓಕಿ' ಅನ್ನುವ ಬೈಗುಳ.

ಹ್ಯಾಗರ್ಡ್ ಹುಟ್ಟಿದ್ದು 1937ರಲ್ಲಿ, ಪಕ್ಕದ ಆಯಿಲ್‌ಡೇಲ್‌ನಲ್ಲಿ. ಊರಿನ ಹೆಸರಲ್ಲೇ ಎಣ್ಣೆ ಇದೆ. ಅವನಪ್ಪ ಹಳೇ ರೈಲು ಡಬ್ಬಿಯೊಂದನ್ನು ಮನೆ ಮಾಡಿಕೊಂಡಿದ್ದ. ಆ ಬೈಗುಳವನ್ನೇ 1969ರಲ್ಲಿ ಹೆಮ್ಮೆಯ ಹಾಡಾಗಿಸಿದ ಹ್ಯಾಗರ್ಡ್, ಒಕ್ಲಹೋಮದಲ್ಲಿ ಹುಟ್ಟಿದವನೂ ಅಲ್ಲ, ಬೆಳೆದವನೂ ಅಲ್ಲ.

ಇನ್ನು ಆ ಸದ್ದು. ವಾರವಿಡೀ ದುಡಿದವರು ಕೂಲಿ ಕೈಗೆ ಬಂದ ಮೇಲೆ ಕುಡಿಯೋಕೆ, ಕುಣಿಯೋಕೆ ಬರುತ್ತಿದ್ದ ಬಾರುಗಳಲ್ಲಿ ಅದು ಹುಟ್ಟಿತು. ಬ್ಲ್ಯಾಕ್‌ಬೋರ್ಡ್ ಅಂತ ಒಂದು ಬಾರು; ಬಿಲ್ ವುಡ್ಸ್‌ನ ತಂಡದಲ್ಲಿ ಗಿಟಾರ್ ಹಿಡಿದು ಓವೆನ್ಸ್ ವರ್ಷಗಟ್ಟಲೆ ಪಳಗಿದ್ದು ಅಲ್ಲೇ. ಅಂಥ ಗದ್ದಲದಲ್ಲಿ ನುಣ್ಣಗೆ ನುಡಿಸಿದರೆ ಯಾರಿಗೆ ಕೇಳಿಸಬೇಕು? ಅದಕ್ಕೇ ಜೋರು ಡ್ರಮ್ಸು, ಪೆಡಲ್ ಸ್ಟೀಲು, ಗದ್ದಲ ಸೀಳಿಕೊಂಡು ಬರುವ ಟೆಲಿಕಾಸ್ಟರ್ ಗಿಟಾರು. ಆ ಗಿಟಾರ್ ಯಾವ ಹಳ್ಳಿ ಬಡಗಿಯ ಕೈಚಳಕವೂ ಅಲ್ಲ. ರೇಡಿಯೋ ರಿಪೇರಿ ಮಾಡಿಕೊಂಡಿದ್ದ ಲಿಯೋ ಫೆಂಡರ್ ಅದೇ ಕ್ಯಾಲಿಫೋರ್ನಿಯಾದ ಫುಲ್ಲರ್ಟನ್‌ನಲ್ಲಿ 1950ರ ಹೊತ್ತಿಗೆ ಮಾರುಕಟ್ಟೆಗೆ ಬಿಟ್ಟದ್ದು: ಗಟ್ಟಿ ಹಲಗೆ, ಅದಕ್ಕೆ ಸ್ಕ್ರೂ ಹೊಡೆದ ಕುತ್ತಿಗೆ. ಅಪ್ಪಟ ಕಾರ್ಖಾನೆ ಮಾಲು.

ರಾಗಗಳು ಊರಿಂದಲೇ ಬಂದವಲ್ಲ ಅಂತೀರಾ? ಬಂದವು, ನಿಜ. ಆದರೆ ಅವರು ಹೊತ್ತು ತಂದ ಬಾಬ್ ವಿಲ್ಸ್‌ನ ಸಂಗೀತವೇ ಪಿಟೀಲಿನ ಕುಣಿತದ ಜತೆ ಕರಿಯರ ಬ್ಲೂಸ್, ಜಾಝ್ ಬೆರೆಸಿದ್ದು. ಊರಲ್ಲೇ ಬೆರಕೆಯಾಗಿದ್ದನ್ನು ಇಲ್ಲಿಗೆ ಬಂದು ಇನ್ನಷ್ಟು ಬೆರೆಸಿದರು, ಅಷ್ಟೆ.

ಸ್ವಲ್ಪ ಓದಿಕೊಂಡವರು ಇನ್ನೊಂದು ಕಥೆ ಹೇಳ್ತಾರೆ. ನ್ಯಾಶ್‌ವಿಲ್‌ನವರು ವಯಲಿನ್ ವೃಂದ, ಕೋರಸ್ ಎಲ್ಲ ಸೇರಿಸಿ ಕಂಟ್ರಿಯನ್ನು ಕೆಡಿಸಿದರಂತೆ. ಬೇಕರ್ಸ್‌ಫೀಲ್ಡ್ ಬಂಡೆದ್ದು ಶುದ್ಧ ಕಂಟ್ರಿಯನ್ನು ಉಳಿಸಿತಂತೆ. ಕೇಳೋಕೆ ಚೆಂದ. ಆದರೆ ನ್ಯಾಶ್‌ವಿಲ್ ಹಾಗೆ ನುಣುಪಾಗಿದ್ದು 1950ರ ದಶಕದ ಕೊನೆಗೆ. ಬ್ಲ್ಯಾಕ್‌ಬೋರ್ಡ್‌ನಲ್ಲಿ ಆ ದಶಕದ ಶುರುವಿನಲ್ಲೇ ಗಿಟಾರ್ ಕಿರುಚುತ್ತಿತ್ತು. ಇನ್ನೂ ಹುಟ್ಟದ ಶತ್ರುವಿನ ವಿರುದ್ಧ ಎಂಥ ಬಂಡಾಯ? ಅಲ್ಲದೆ, ಓವೆನ್ಸ್‌ನ ದೊಡ್ಡ ಹಿಟ್‌ಗಳನ್ನು ಹೊರತಂದಿದ್ದು ಹಾಲಿವುಡ್‌ನ ಕ್ಯಾಪಿಟಲ್ ಕಂಪನಿ. ಕಂಟ್ರಿ ಅಲ್ಲದ ಹಾಡು ಹಾಡಲ್ಲ ಅಂತ 1965ರಲ್ಲಿ ಪತ್ರಿಕೆಯಲ್ಲಿ ಪ್ರತಿಜ್ಞೆಯನ್ನೇ ಅಚ್ಚು ಹಾಕಿಸಿದ ಈ ಮಹಾನುಭಾವ, 1969ರಲ್ಲಿ ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೇರಿಸಿದ್ದು ಯಾರ ಹಾಡನ್ನು? ರಾಕ್ ಅಂಡ್ ರೋಲ್‌ನ ಚಕ್ ಬೆರಿಯದನ್ನು! ನನಗೇನೂ ಬೇಜಾರಿಲ್ಲ. ಪ್ರತಿಜ್ಞೆಗಿಂತ ಅವನ ಕಿವಿ ಪ್ರಾಮಾಣಿಕವಾಗಿತ್ತು.

ಹೋಗ್ಲಿ ಬಿಡು ಮಾರಾಯ, ಒಂದು ಹಾಡಿಗೆ ಇಷ್ಟೆಲ್ಲ ಯಾಕೆ ಅಂತ ಕೇಳಬಹುದು. ಯಾಕೆ ಅಂದ್ರೆ, 'ಮಣ್ಣಿನ ವಾಸನೆ'ಯಿಂದ ಅಸಲಿ-ನಕಲಿ ಅಳೆಯೋ ಅಭ್ಯಾಸ ಹಾಡಿಗೇ ನಿಲ್ಲಲ್ಲ. ಇವರು ನಮ್ಮ ಮಣ್ಣಿನವರಲ್ಲ ಅಂತ ಕರ್ನ್ ಕೌಂಟಿ ಗುಳೆ ಬಂದವರನ್ನು ಅಳೆದದ್ದೂ ಅದೇ ಗಜಕಡ್ಡಿಯಿಂದ. ಅವರ ಪಾಡನ್ನು ಬರೆದ ಸ್ಟೈನ್‌ಬೆಕ್‌ನ 'ದಿ ಗ್ರೇಪ್ಸ್ ಆಫ್ ರಾತ್' ಕಾದಂಬರಿಯನ್ನು ಅದು ಬಂದ 1939ರಲ್ಲೇ ಕೌಂಟಿಯ ಲೈಬ್ರರಿ, ಶಾಲೆಗಳಿಂದ ಹೊರಗಿಟ್ಟರು. ಪುಸ್ತಕವನ್ನು ತಡೆದರು, ಬಾರಿನ ಗಿಟಾರನ್ನು ತಡೆಯೋಕಾಗಲಿಲ್ಲ. ಈಗ ನೋಡಿ, ಹ್ಯಾಗರ್ಡ್ ಬೆಳೆದ ರೈಲು ಡಬ್ಬಿಯ ಮನೆಯನ್ನು 2015ರಲ್ಲಿ ಎತ್ತಿ ತಂದು ಅದೇ ಕೌಂಟಿಯ ಮ್ಯೂಸಿಯಂನಲ್ಲಿ ಇಟ್ಟುಕೊಂಡಿದ್ದಾರೆ. ಬಂದಾಗ ಬೈಗುಳ, ಹೆಸರು ಮಾಡಿದ ಮೇಲೆ 'ನಮ್ಮ ಮಣ್ಣಿನ ಮಗ'.

ನಾವೂ ಊರು ಬಿಟ್ಟು ಬಂದು, ಬಾಡಿಗೆ ಮನೆಯಲ್ಲಿ ಕೂತು ಈ ಹಾಡು ಕೇಳ್ತಿರೋರೇ. ಮುಂದಿನ ಸಲ ಹೆಡ್‌ಫೋನ್ ಹಾಕಿಕೊಂಡಾಗ ಹೊಲ, ಹುಲ್ಲು, ಕುದುರೆ ಅಂತ ಕಲ್ಪಿಸಿಕೊಳ್ಳಬೇಡಿ. ಬಿಯರ್ ಚೆಲ್ಲಿದ ನೆಲ, ಕೈಗೆ ಮೆತ್ತಿದ ಕಚ್ಚಾ ಎಣ್ಣೆ, ನಾಳೆ ಮತ್ತೆ ಕೂಲಿ. ಆ ಸದ್ದು ಹುಟ್ಟಿದ್ದು ಅಲ್ಲಿ.